ಹೊರಗೆ ಅಂದರೆ ಮೇಲೆ

ಮಂಗಳವಾರ ಎಲ್ಲ ಸರಿಯಾಗಿತ್ತು.

ನಮ್ಮ ಮನೆಯವರು ಬೆಳಿಗ್ಗೆ ಅಕ್ಕಿರೊಟ್ಟಿ ತಿಂದರು. ಚಟ್ನಿಗೆ ಉಪ್ಪು ಕಮ್ಮಿ ಅಂದರು. ಹಾಕಿಕೊಳ್ಳಿ ಅಂದೆ. ಹಿಂದಿನ ದಿನದ ಅಂಗಿಯ ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು ಅವತ್ತಿನ ಅಂಗಿಗೆ ಹಾಕಿಕೊಂಡರು. ಕಾಲೇಜಿನಲ್ಲಿ ಡಬ್ಬಗಟ್ಟಲೆ ಸುಣ್ಣ ಇರುತ್ತದೆ, ಆದರೂ ಹಾಗೇ. ಅಂಗಳದ ತುದಿಯಲ್ಲಿ ನಿಂತು "ಮೇಲೆ ಹೋಗಿ ಬರ್ತೀನಿ ಮಾರಾಯ್ತಿ" ಅಂದರು. ನಾನು ಹೂಂ ಅಂದೆ.

ನಮ್ಮಲ್ಲಿ ಹಾಗೇ ಹೇಳುವುದು. ಬಾಳೂರಿನಲ್ಲಿ ರಸ್ತೆ ಗುಡ್ಡದ ಮಗ್ಗುಲಿಗೆ ಹೋಗುತ್ತದೆ, ಮನೆಗಳು ಅದರ ಕೆಳಗೆ. ಎಲ್ಲಿಗೆ ಹೋಗಬೇಕಾದರೂ ಮೊದಲು ಮೆಟ್ಟಿಲು ಹತ್ತಬೇಕು. ಅದಕ್ಕೆ ಹೊರಗೆ ಹೋಗುತ್ತೇನೆ ಅಂತ ಯಾರೂ ಅನ್ನುವುದಿಲ್ಲ. ಮೇಲೆ ಹೋಗುತ್ತೇನೆ ಅನ್ನುತ್ತಾರೆ. ಪೇಟೆಗಾದರೂ ಅಷ್ಟೇ, ಮದುವೆಗಾದರೂ ಅಷ್ಟೇ.

ನಾನು ದಿನವಿಡೀ ಮೆಣಸು ಒಣಗಿಸಿದೆ. ಸಂಜೆ ಅವರು ಬಂದರು. ಕಾಫಿ ಕುಡಿದರು. ಊಟಕ್ಕೆ ಕೂತಾಗ ತಮ್ಮಷ್ಟಕ್ಕೆ ನಕ್ಕರು.

"ಎಂತಕ್ಕೆ ನಗೋದು?" ಅಂದೆ.

"ಆ ಸಿದ್ದಬಸಪ್ಪನ ಮಗಳು. ಅವಳ ಲೆಕ್ಕ ಎಲ್ಲಿ ತಪ್ತದೆ ಅಂತ ಬಸ್ಸಲ್ಲಿ ಬರ್ತಾ ಹೊಳೀತು. ಅವಳಿಗೂ ನಿನ್ನ ರೋಗವೇ. ಹೊರಗೆ ಅಂದ್ರೆ ಮೇಲೆ."

"ನಂಗ್ಯಾವ ರೋಗ?"

"ನಿಂಗೊಬ್ಬಳಿಗೆ ಅಲ್ಲ ಮಾರಾಯ್ತಿ, ಇಡೀ ಊರಿಗೆ. ಭಾನುವಾರ ಬರ್ಲಿ ಅವಳು, ಹೇಳ್ತೀನಿ."

"ಮಜ್ಜಿಗೆ ಹಾಕ್ಲಾ?"

"ಹಾಕು."

ಮಜ್ಜಿಗೆ ಹಾಕಿದೆ.

ಬುಧವಾರವೂ ಅದೇ ಮೆಟ್ಟಿಲು ಹತ್ತಿ ಹೋದರು. ಕಳಸದಿಂದ ಬರುವ ಬಸ್ಸು. ಕಿಟಕಿಗೆ ತಲೆ ಕೊಟ್ಟು ಮಲಗುವುದು ಅವರ ಅಭ್ಯಾಸ. ಕೊಟ್ಟಿಗೆಹಾರ, ಬಣಕಲ್ ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಮೂಡಿಗೆರೆಯಲ್ಲಿ ಕಂಡಕ್ಟರು ಭುಜ ತಟ್ಟಿ ಎಬ್ಬಿಸುತ್ತಿದ್ದ. ಅವತ್ತೂ ತಟ್ಟಿದ. "ಸಾರ್, ಪಾಠ ಮಾಡೋರೇ ನಿದ್ದೆ ಹೊಡೆದ್ರೆ ಹುಡುಗ್ರು ಎಂತ ಮಾಡ್ಬೇಕು" ಅಂತ ತಮಾಷೆಯನ್ನೂ ಮಾಡಿದನಂತೆ. ಆಮೇಲೆ ಕೈ ತೆಗೆದನಂತೆ. ಹಾರ್ಟು ನಿಂತಿತ್ತು ಅಂದರು. ಬಣಕಲ್ಲಿನ ಈಚೆಗೆ ನಿಂತಿತೋ ಆಚೆಗೆ ನಿಂತಿತೋ ಯಾರಿಗೂ ಗೊತ್ತಿಲ್ಲ. ಟಿಕೆಟು ಮೂಡಿಗೆರೆಯವರೆಗೆ ಇತ್ತು.

ನಾನು ಅಂಗಳದಲ್ಲಿ ಮೆಣಸು ಕೇರುತ್ತಿದ್ದೆ. ಪಕ್ಕದ ತೋಟದ ಸುಬ್ಬಣ್ಣ ಓಡಿಕೊಂಡು ಮೆಟ್ಟಿಲಿಳಿದು ಬಂದ.

"ಅಕ್ಕಾ, ಸರ್ ಹೋದ್ರು."

"ಹೌದು, ಮೇಲೆ ಹೋದ್ರು. ಕಳಸದ ಬಸ್ಸಿಗೆ. ಎಂತ ಬೇಕಿತ್ತು?"

"ಅದಲ್ಲ ಅಕ್ಕಾ" ಅಂದ.

ಮೊರ ಕೆಳಗಿಟ್ಟೆ. ಮೆಣಸು ಚೆಲ್ಲಲಿಲ್ಲ.

ಇವರ ಹೆಸರು ರಂಗನಾಥ. ಜಾವಳಿಯ ಹತ್ತಿರ ಹುಟ್ಟಿದ್ದು. ಇವರಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ತಮಗೆ ಅಂತ ಸ್ವಲ್ಪ ತೋಟವನ್ನೂ ಮಾಡಿಕೊಂಡಿದ್ದರು. ಮಗ ತೋಟ ನೋಡಿಕೊಳ್ಳಲಿ ಅಂತ ಅವರಿಗೆ ಆಸೆ. ಮಗ ಮೈಸೂರಿಗೆ ಹೋಗಿ ಗಣಿತ ಓದಿ ಬಂದರು. ಆಮೇಲೆ ಮೂಡಿಗೆರೆಯ ಕಾಲೇಜಿನಲ್ಲಿ ಲೆಕ್ಚರರು. ಸಾಯುವ ತನಕ ಅದೇ ಕಾಲೇಜು, ಅದೇ ಬಸ್ಸು.

ದೊಡ್ಡ ವಿದ್ವಾಂಸರೇನಲ್ಲ. ಇವರ ಕ್ಲಾಸಿನಲ್ಲಿ ಹುಡುಗರು ಮಲಗುತ್ತಿದ್ದರಂತೆ. ಅದನ್ನು ಇವರೇ ಬಂದು ಹೇಳುತ್ತಿದ್ದರು. ತೋಟದ ಕೆಲಸ ಬರುತ್ತಿರಲಿಲ್ಲ. ಗಿಡ ಕಸಿ ಮಾಡು, ಬೇಡದ ಚಿಗುರು ತೆಗೆ ಅಂದರೆ ಬೇಕಾದ ಚಿಗುರನ್ನೇ ಮುರಿಯುತ್ತಿದ್ದರು. ಆಳುಗಳು ನಗುತ್ತಿದ್ದರು. ಒಂದು ಗುಣ ಇತ್ತು. ಯಾವುದನ್ನು ಹೇಳಬೇಕಾದರೂ ಕೈಗೆ ಸಿಕ್ಕಿದ ವಸ್ತು ಹಿಡಿದು ತೋರಿಸಿಯೇ ಹೇಳಬೇಕು. ಲೋಟ, ಚೆಂಬು, ನನ್ನ ಲಟ್ಟಣಿಗೆ. ಬೇಕಾದಾಗ ಒಂದೂ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ.

ಸಿದ್ದಬಸಪ್ಪನವರದ್ದು ಬಾಳೂರಿನಲ್ಲಿ ದಿನಸಿ ಅಂಗಡಿ. ಅಂಗಡಿ ರಸ್ತೆಗೆ ಸಮ ಇದೆ, ಮನೆ ಅಂಗಡಿಯ ಅಡಿಗೆ. ಮಗಳು ಸುಪ್ರಿಯಾ ಇವರ ಕಾಲೇಜಿನಲ್ಲೇ ಬಿ.ಎಸ್ಸಿ. ಮುಗಿಸಿದಳು, ಗಣಿತದ ಒಂದು ಪೇಪರು ಬಿಟ್ಟು. ಅದು ಹೋಯಿತು. ಅವಳಿಗೆ ಬಿ.ಎಡ್. ಮಾಡಿ ಟೀಚರಾಗಬೇಕು. ಅಪ್ಪನಿಗೆ ಮದುವೆ ಮಾಡಬೇಕು. ತರೀಕೆರೆಯಲ್ಲಿ ಗಂಡು ನೋಡಿಯಾಗಿತ್ತು. ಇವರು ಒಂದು ದಿನ ಅಂಗಡಿಗೆ ಸಕ್ಕರೆಗೆ ಹೋದವರು, "ಇನ್ನೊಂದು ಸಲ ಬರೀಲಿ ಸಿದ್ದಬಸಪ್ಪನವ್ರೇ, ನಾನು ನೋಡ್ಕೋತೀನಿ" ಅಂದು ಬಂದರು. ಸಕ್ಕರೆ ಮರೆತು ಬಂದರು.

ಅಲ್ಲಿಂದ ಪ್ರತಿ ಭಾನುವಾರ ಹುಡುಗಿ ಬರುತ್ತಿದ್ದಳು. ಜಗುಲಿಯಲ್ಲಿ ಪಾಠ. ಒಳಗೆ ನನಗೆ ಒಂದೇ ಮಾತು ಕೇಳುತ್ತಿತ್ತು. ಫ್ಲೆಕ್ಸು, ಫ್ಲೆಕ್ಸು. ಅದೇ ಆಗ ಮೂಡಿಗೆರೆಯಲ್ಲಿ ಫ್ಲೆಕ್ಸ್ ಬೋರ್ಡುಗಳು ಹೊಸದಾಗಿ ಬಂದಿದ್ದವು. ಬಸ್‌ಸ್ಟ್ಯಾಂಡ್ ತುಂಬ ಕೈ ಮುಗಿದವರ ಮುಖ. ಕೊನೆಗೆ ಕಾಫಿ ಕೊಡುವಾಗ ಕೇಳಿದೆ.

"ಯಾವ ಪಾರ್ಟಿಯ ಫ್ಲೆಕ್ಸು ರೀ ಅದು? ವಾರವಾರ ಅದೇ ಮಾತು."

ಹುಡುಗಿ ಬಾಯಿಗೆ ಸೆರಗು, ಅಲ್ಲ, ದುಪ್ಪಟ ಒತ್ತಿಕೊಂಡಳು. ಇವರಿಗೆ ಕಾಫಿ ನೆತ್ತಿಗೇರಿತು. "ಫ್ಲೆಕ್ಸ್ ಅಲ್ಲ ಮಾರಾಯ್ತಿ, ಫ್ಲಕ್ಸ್" ಅಂತ ಕೆಮ್ಮುತ್ತಲೇ ಒಳಗೆ ಹೋಗಿ ಹಿಟ್ಟಿನ ಜರಡಿ ತಂದರು. ಹೊರಗೆ ಮಳೆ ಹುಯ್ಯುತ್ತಿತ್ತು. ಜರಡಿ ಹಿಡಿದುಕೊಂಡು ಅಂಗಳಕ್ಕೆ ಇಳಿದರು.

"ನೋಡು ಇಲ್ಲಿ. ಮುಖ ಮೇಲೆ ಮಾಡಿ ಹಿಡಿದ್ರೆ ಬಿದ್ದ ಮಳೆಯೆಲ್ಲ ಜರಡಿ ದಾಟಿ ಹೋಗ್ತದೆ. ಓರೆ ಮಾಡಿದ್ರೆ ಕಮ್ಮಿ ದಾಟ್ತದೆ. ಪೂರ್ತಿ ನೆಟ್ಟಗೆ ನಿಲ್ಸಿದ್ರೆ ಮಳೆ ಪಕ್ಕದಲ್ಲೇ ಇಳಿದು ಹೋಗ್ತದೆ, ತೂತೊಳಗೆ ಹೋಗೋದೇ ಇಲ್ಲ. ಮಳೆ ಅದೇ, ಜರಡಿ ಅದೇ. ಮುಖ ಎತ್ತ ಇದೆ ಅನ್ನೋದೇ ಮುಖ್ಯ. ಎಷ್ಟು ದಾಟ್ತು ಅನ್ನೋದೇ ಫ್ಲಕ್ಸ್."

"ಇದಕ್ಕೆ ಕಾಲೇಜು ಬೇಕಾ?"

"ಚಪ್ಪಟೆ ಜರಡಿಗೆ ಬೇಡ. ಡೊಂಕು ಜರಡಿಗೆ ಬೇಕು. ಆಗ ಒಂದೊಂದು ತೂತಿನ ಮುಖ ಒಂದೊಂದು ಕಡೆಗೆ. ಪ್ರತಿಯೊಂದನ್ನೂ ಕೇಳಿ ಎಲ್ಲ ಕೂಡಿಸ್ಬೇಕು."

ಸುಬ್ಬಣ್ಣ ಮೇಲಿನ ರಸ್ತೆಯಿಂದ ಕೊಡೆ ಹಿಡಿದು ನೋಡುತ್ತಿದ್ದ. "ಸಾರ್, ಮಳೆ ಜರಡಿ ಹಿಡೀತಿದ್ದೀರಾ? ಕಲ್ಲು ಸಿಕ್ರೆ ನಮ್ಮ ಮನೆ ಕಡೆ ಎಸೀರಿ, ಪಾಗಾರದ ಗೋಡೆಗೆ ಬೇಕು."

ನಾನು ಜರಡಿ ಕಿತ್ತುಕೊಂಡೆ. ಹಿಟ್ಟು ಅಂಟಿ ಹೋಗಿತ್ತು.

ಇವರ ಉತ್ತರಕ್ರಿಯೆ ಎಲ್ಲ ಮುಗಿಯಿತು. ನೆಂಟರು ಹೋದರು. ಬುಧವಾರದ ಅಂಗಿ ಒಗೆಯಲು ಹಾಕಿದೆ. ಜೇಬಿನಲ್ಲಿ ಸುಣ್ಣದ ಚೂರು ಇತ್ತು. ಬಕೆಟ್ಟಿನ ನೀರು ಬೆಳ್ಳಗಾಯಿತು. ಚೆಲ್ಲಿದೆ.

ಒಂದು ದಿನ ಮೇಲೆ ಹೋದಾಗ ಬಸ್ ನಿಲ್ಲುವಲ್ಲಿ ಇವರು ಕಂಡರು. ದೊಡ್ಡ ಫ್ಲೆಕ್ಸು. ಭಾವಪೂರ್ಣ ಶ್ರದ್ಧಾಂಜಲಿ ಅಂತ ಬರೆದಿತ್ತು. ಕೆಳಗೆ ಸಿದ್ದಬಸಪ್ಪ ಮತ್ತು ಗೆಳೆಯರು. ಕಾಲೇಜಿನ ಗ್ರೂಪ್ ಫೋಟೋದಿಂದ ಇವರ ತಲೆ ಮಾತ್ರ ತೆಗೆದು ಹಿಗ್ಗಿಸಿದ್ದರು. ಕೆನ್ನೆಯ ಪಕ್ಕ ಬೇರೆ ಯಾರದೋ ಭುಜ ಉಳಿದಿತ್ತು. ಕೊನೆಗೂ ಇವರದೂ ಒಂದು ಫ್ಲೆಕ್ಸ್ ಆಯಿತು ಅಂದುಕೊಂಡೆ. ಅಳು ಬರಲಿಲ್ಲ. ಬಸ್ಸು ಬಂತು, ಹತ್ತಿದೆ.

ಏಪ್ರಿಲ್‌ನಲ್ಲಿ ಸಿದ್ದಬಸಪ್ಪನವರು ಆ ಫ್ಲೆಕ್ಸನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದು ಬಂದರು. ಹಿಂದೆ ಮಗಳು.

"ಅಮ್ಮಾ, ಇದನ್ನ ಅಲ್ಲೇ ಬಿಟ್ರೆ ಯಾರಾದ್ರೂ ಬಿಚ್ಕೊಂಡು ಹೋಗಿ ಹಂದಿಗೂಡಿಗೆ ಹೊದಿಸ್ತಾರೆ. ಸರ್ ಮುಖ ಅಲ್ವಾ. ನಿಮ್ಮತ್ರ ಇರ್ಲಿ ಅಂತ ತಂದೆ."

"ಇಡಿ ಅಲ್ಲಿ."

ಅವರು ಇಟ್ಟರು. ಕೂತರು. ಟವೆಲಿನಲ್ಲಿ ಮುಖ ಒರೆಸಿಕೊಂಡರು. "ಇನ್ನು ಇವಳ ಪರೀಕ್ಷೆ ಕತೆ ಮುಗೀತು ಬಿಡಿ. ಹೇಳ್ಕೊಡೋರೇ ಹೋದ್ರು. ತರೀಕೆರೆಯವ್ರು ಫೋನ್ ಮಾಡಿದ್ರು, ಯಾವಾಗ ಬರೋದು ಅಂತ."

ಹುಡುಗಿ ಸುತ್ತಿಟ್ಟ ಫ್ಲೆಕ್ಸನ್ನು ನೋಡುತ್ತಿದ್ದಳು.

"ಭಾನುವಾರ ಬರ್ಲಿ" ಅಂದೆ.

"ಯಾರು, ತರೀಕೆರೆಯವ್ರಾ?"

"ನಿಮ್ಮ ಮಗಳು. ಇವ್ರು ಭಾನುವಾರ ಬರ್ಲಿ ಅಂದಿದ್ರು. ಬರ್ಲಿ."

"ನೀವು ಹೇಳ್ಕೊಡ್ತೀರಾ ಅಮ್ಮಾ?"

"ನಾನು ಓದಿದ್ದು ಆರನೇ ಕ್ಲಾಸು. ಅವಳೇ ಓದ್ಕೋತಾಳೆ. ಇಲ್ಲಿ ಅಂಗಡಿ ಗಲಾಟೆ ಇಲ್ಲ."

ಸಿದ್ದಬಸಪ್ಪನವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. ಗಂಡ ಸತ್ತವಳ ಮಾತು ತೆಗೆದುಹಾಕಲು ಅವರಿಗೆ ಆಗಲಿಲ್ಲ ಅಂತ ಕಾಣುತ್ತದೆ. "ಪರೀಕ್ಷೆವರೆಗೆ ತಡ್ಕೋತೀನಿ. ಇದೇ ಕೊನೆ. ಸೊಸೆ ಲೆಕ್ಕ ಕಲ್ತಿದಾಳಾ ಅಂತ ಯಾರೂ ಕೇಳಲ್ಲ" ಅಂದರು.

"ಲೆಕ್ಕ ಗೊತ್ತಿಲ್ದೆ ನಿಮ್ಮ ಅಂಗಡಿಯಲ್ಲಿ ಯಾರು ಕೂರ್ತಾರಪ್ಪ?" ಅಂತ ಹುಡುಗಿ ಮೆಲ್ಲಗೆ ಅಂದಳು.

ಮರುಕ ಬಂದು ನಾನು ಕರೆದದ್ದಲ್ಲ. ಆ ದಿನಗಳಲ್ಲಿ ನನಗೆ ಏನೂ ಬರುತ್ತಿರಲಿಲ್ಲ. ಕೈಗೆ ಬಿಸಿ ತಾಗಿದರೂ ಆಮೇಲೆ ಗುಳ್ಳೆ ನೋಡಿ ಗೊತ್ತಾಗುತ್ತಿತ್ತು. ಭಾನುವಾರ ಅಂತ ಒಂದು ಮಾತು ಹೇಳಿದ್ದರು. ಅದು ಹಾಗೇ ಬಿದ್ದಿತ್ತು. ಅಷ್ಟೇ.

ಅವಳು ಬಂದಳು. ಜಗುಲಿಯಲ್ಲಿ ಕೂತು ಬರೆಯುವುದು, ಹೊಡೆದು ಹಾಕುವುದು. ನಾನು ಅಡುಗೆ ಮಾಡುವುದು. ಊಟದ ಹೊತ್ತಿಗೆ ಎದುರಾಬದುರಾ ಕೂತು ಉಣ್ಣುವುದು.

"ಆಂಟಿ, ಸರ್ ಏನಾದ್ರೂ ಹೇಳಿದ್ರಾ? ನನ್ನ ತಪ್ಪು ಎಲ್ಲಿ ಅಂತ?"

"ಲೆಕ್ಕದ ವಿಷಯ ನಂಗೆಂತಕ್ಕೆ ಹೇಳ್ತಾರೆ?"

ಅವಳು ತನ್ನ ಕಷ್ಟ ಹೇಳಿದಳು. ನನಗಲ್ಲ, ಅನ್ನದ ತಟ್ಟೆಗೆ ಹೇಳಿದ ಹಾಗೆ. "ಆರು ಕಡೆಗೂ ಜರಡಿ ಇರೋ ಪೆಟ್ಟಿಗೆ ಅಂದ್ಕೊಳ್ಳಿ. ಮಳೇಲಿ ಇಟ್ಟಿದೀವಿ. ಹೊರಗೆ ಹೋದ ನೀರಿಂದ ಒಳಗೆ ಬಂದ ನೀರು ಕಳೆದ್ರೆ ಎಷ್ಟು? ಪ್ರತಿ ಕಡೆಗೂ ಹೊರಗೆ ಯಾವ್ಕಡೆ ಅಂತ ಒಂದು ಬಾಣ ಹಾಕಿ ಕೂಡಿಸ್ಬೇಕು. ಪುಸ್ತಕದಲ್ಲಿ ಉತ್ತರ ಸೊನ್ನೆ. ನಂಗೆ ಸೊನ್ನೆ ಬರಲ್ಲ ಆಂಟಿ. ಮೇಲಿಂದ ಬಿದ್ದ ನೀರಿನ ಎರಡರಷ್ಟು ಬರ್ತದೆ. ಅದೂ ಮೈನಸ್ಸು. ಈ ಥರದ ಲೆಕ್ಕ ಎಲ್ಲ ಹೀಗೇ. ಹೋದ ಸಲ ಇದರಲ್ಲೇ ಹೋಗಿದ್ದು."

"ಆರು ಕಡೆ ತೂತು ಇದ್ರೆ ಅದ್ಯಾವ ಪೆಟ್ಟಿಗೆ" ಅಂದೆ. ಹುಳಿ ಬಡಿಸಿದೆ.

ಪರೀಕ್ಷೆ ಹತ್ತಿರ ಬಂತು. ಹುಡುಗಿ ಸಣ್ಣಗಾದಳು. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಗಾಳಿ ಎದ್ದಿತು. ಸಿಲ್ವರ್ ಓಕಿನ ದೊಡ್ಡ ಕೊಂಬೆ ಮುರಿದು ಸೌದೆ ಕೊಟ್ಟಿಗೆಯ ಮಾಡಿನ ಮೇಲೆ ಬಿತ್ತು. ಹೆಂಚು ಪುಡಿಯಾದವು. ಮಳೆಗಾಲಕ್ಕೆ ಒಟ್ಟಿದ ಸೌದೆ ಪೂರಾ ಅದರಲ್ಲಿತ್ತು.

ನಮ್ಮ ಸೌದೆ ಕೊಟ್ಟಿಗೆ ಇಳಿಜಾರಿನಲ್ಲಿದೆ. ಕಲ್ಲುಕಂಬದ ಮೇಲೆ ಹಲಗೆ ಹಾಸಿ ಅದರ ಮೇಲೆ ಸೌದೆ ಒಟ್ಟುವುದು, ಗೆದ್ದಲು ಹತ್ತದ ಹಾಗೆ. ಹಲಗೆಗಳ ನಡುವೆ ಸಂದು ಇದೆ. ಮಾಡು ಹೋಗಿತ್ತು, ಹನಿ ಶುರುವಾಗಿತ್ತು. ಮನೆಯಲ್ಲಿ ಟಾರ್ಪಾಲು ಇರಲಿಲ್ಲ. ಫ್ಲೆಕ್ಸು ಇತ್ತು.

"ಅದನ್ನ ತಾ" ಅಂದೆ.

"ಸರ್ ಮುಖ ಇದೆ ಆಂಟಿ."

"ಸೌದೆ ನೆನೆದ್ರೆ ಸರ್ ಬಂದು ಒಲೆ ಊದ್ತಾರಾ? ತಾ."

ಹರಡಿದೆವು. ಗಾಳಿಗೆ ಅದು ಹಾರುತ್ತಿತ್ತು. ಅವಳು ಆ ತುದಿ, ನಾನು ಈ ತುದಿ. ಮುಖ ಒಳಗೋ ಹೊರಗೋ ಅಂತ ಅವಳು ಕೂಗಿದಳು. ಒಳಗೆ ಅಂದೆ. ಮಳೆ ಬೀಳುವುದು ಬೆನ್ನಿಗೆ ಬೀಳಲಿ.

"ಸಡಿಲ ಬಿಡ್ಬೇಡ, ಎಳೆ" ಅಂದೆ.

"ಎಳೆದ್ರೂ ಸಡಿಲ ಬಿಟ್ರೂ ಬೀಳೋ ಮಳೆ ಅಷ್ಟೇ ಆಂಟಿ. ನಾಲ್ಕು ಮೂಲೆ ಇಲ್ಲೇ ಇದ್ರೆ ಹೊಟ್ಟೆ ಎಷ್ಟು ಜೋತ್ರೂ ಅಷ್ಟೇ. ಸರ್ ಹೇಳಿದ್ರು."

"ಬೀಳೋದು ಅಷ್ಟೇ. ನಿಲ್ಲೋದು ಬೇರೆ. ಎಳೆ."

ಕಟ್ಟಿ ಇಬ್ಬರೂ ಅದರ ಅಡಿಗೆ ಸೇರಿಕೊಂಡೆವು. ಮಳೆ ಜೋರಾಯಿತು. ಮೊದಲೇ ಒಳಗೆ ನುಗ್ಗಿದ್ದ ನೀರು ಸೌದೆಯಿಂದ ಇಳಿದು ಹಲಗೆಯ ಸಂದಿನಲ್ಲಿ ಹೋಗುತ್ತಿತ್ತು. ಗಾಳಿಗೆ ಹೆದರಿ ಒಂದು ಹೇಂಟೆ ಸೌದೆಯ ಮೂಲೆಯಲ್ಲಿ ಕೂತಿತ್ತು. ನಮ್ಮನ್ನು ನೋಡಿ ಬಡಬಡಿಸಿ ಮಾಯವಾಯಿತು.

"ಕೋಳಿ ಎಲ್ಲಿ ಹೋಯ್ತು ಆಂಟಿ?"

"ಹೊರಗೆ ಹೋಯ್ತು."

ಅವಳು ಕತ್ತೆತ್ತಿ ಮೇಲೆ ಬಾಗಿಲ ಕಡೆ ನೋಡಿದಳು. ಬಾಗಿಲು ಮೇಲಿನ ಮಗ್ಗುಲಿಗೆ ಇದೆ, ಮೆಟ್ಟಿಲ ಕಡೆಗೆ. "ಮೇಲೆ ಹೋಗಿಲ್ಲ, ಬಾಗಿಲಿಗೆ ನಾನೇ ಅಡ್ಡ ಇದೀನಲ್ಲ."

"ಹೊರಗೆ ಅಂದೆ. ಮೇಲೆ ಅಂದ್ನಾ? ಮುರುಕು ಹಲಗೆ ಇದೆ ನೋಡು ಮೂಲೇಲಿ. ಕೆಳಗಿಂದ ಹೋಯ್ತು."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮಂಗಳವಾರದ ಊಟ ನೆನಪಾಯಿತು.

"ಅದೇ ಅಂದಿದ್ದು ಇವ್ರು" ಅಂದೆ.

"ಏನಂತ?"

"ಹೊರಗೆ ಅಂದ್ರೆ ಮೇಲೆ. ಊರಿಗೆಲ್ಲ ಅದೇ ರೋಗ, ಸಿದ್ದಬಸಪ್ಪನ ಮಗಳಿಗೂ ಅದೇ ಅಂದ್ರು. ಭಾನುವಾರ ಹೇಳ್ತೀನಿ ಅಂದ್ರು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಕಾಲಡಿಯ ಹಲಗೆ ನೋಡಿದಳು. ನೀರು ಸಂದಿನಲ್ಲಿ ಇಳಿಯುತ್ತಲೇ ಇತ್ತು. ಅವಳ ತುಟಿ ಅಲ್ಲಾಡುತ್ತಿತ್ತು. ಬೆರಳಿನಿಂದ ಗಾಳಿಯಲ್ಲಿ ಒಂದು ಪೆಟ್ಟಿಗೆ ಬರೆದಳು. ಮೇಲಿನ ಮುಖಕ್ಕೆ ಮೇಲೆ ಹೋಗುವ ಬಾಣ. ಕೆಳಗಿನ ಮುಖಕ್ಕೂ ಕೈ ತಾನಾಗಿ ಮೇಲಕ್ಕೇ ಹೋಯಿತು. ಅಲ್ಲಿ ನಿಂತಿತು.

"ಅಯ್ಯೋ" ಅಂದಳು. "ತಳಕ್ಕೂ ಮೇಲೇನೇ ಹಾಕ್ತಿದೀನಿ ಆಂಟಿ. ಯಾವಾಗ್ಲೂ. ತಳಕ್ಕೆ ಹೊರಗೆ ಅಂದ್ರೆ ಕೆಳಗೆ. ಮೇಲಿಂದ ಬಂದದ್ದು ಮೈನಸ್ಸು, ತಳದಿಂದ ಹೋದದ್ದು ಪ್ಲಸ್ಸು. ಬಂದಷ್ಟೂ ಹೋಯ್ತು. ಸೊನ್ನೆ!"

ಒದ್ದೆ ಸೌದೆಯ ಮೇಲೆ ಕೂತು ನಕ್ಕಳು. ನಗುತ್ತಾ ಅತ್ತಳು. "ಸೊನ್ನೆ ಅಂದ್ರೆ ಏನೂ ಆಗಿಲ್ಲ ಅಂತ ಅಲ್ಲ ಅಲ್ವಾ ಆಂಟಿ. ಬಂದಿದ್ದೂ ನಿಜ, ಹೋಗಿದ್ದೂ ನಿಜ."

ನಾನು ಮೇಲೆ ನೋಡಿದೆ. ಇವರ ಮುಖ ತಲೆಕೆಳಗಾಗಿ ನಮ್ಮಿಬ್ಬರ ಮೇಲೆ ಇತ್ತು. ಮಳೆ ಹೊಡೆಯುವಾಗ ಕೆನ್ನೆ ಅದುರುತ್ತಿತ್ತು.

"ಏಳು, ಕಾಫಿ ಕುಡಿ. ಶೀತ ಆದ್ರೆ ನಿಮ್ಮಪ್ಪ ನನ್ನ ಮೇಲೆ ಬರ್ತಾರೆ" ಅಂದೆ.

ಪರೀಕ್ಷೆ ಬರೆದಳು. ಮಳೆಗಾಲದ ನಡುವೆ ರಿಸಲ್ಟು ಬಂತು. ಅಪ್ಪ ಮಗಳು ಒಂದೇ ಕೊಡೆಯಲ್ಲಿ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಪೇಡೆ.

"ಪಾಸಾದೆ ಆಂಟಿ."

"ಸರಿ" ಅಂದೆ. ಒಂದು ಪೇಡೆ ತಿಂದೆ. ಸಿಹಿ ಇತ್ತು. ಸಿಹಿ ಅಂತ ಗೊತ್ತಾಯಿತು.

ಸಿದ್ದಬಸಪ್ಪನವರು ಬೀಗುತ್ತಿದ್ದರು. ತಾವೇ ಓದಿಸಿದ ಹಾಗೆ. "ತರೀಕೆರೆಯವ್ರಿಗೆ ಈಗ ಆಗಲ್ಲ ಅಂದುಬಿಟ್ಟೆ. ಚಿಕ್ಕಮಗಳೂರಲ್ಲಿ ಬಿ.ಎಡ್.ಗೆ ಹಾಕ್ತೀನಿ. ಬಸ್‌ಸ್ಟಾಪಲ್ಲಿ ಇವಳದ್ದೂ ಒಂದು ಹಾಕ್ಸೋಣ ಅಂತಿದೀನಿ ಅಮ್ಮಾ, ಅಭಿನಂದನೆ ಅಂತ. ಪಾಸಾಗಿದ್ದೂ ಫ್ಲೆಕ್ಸ್ ಪಾಠದಲ್ಲೇ ಅಲ್ವಾ."

"ಫ್ಲೆಕ್ಸ್ ಅಲ್ಲ, ಫ್ಲಕ್ಸ್" ಅಂದೆ.

ಇಬ್ಬರೂ ನನ್ನನ್ನು ನೋಡಿದರು. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ.

ಅವಳು ಈಗ ಕಡೂರಿನ ಹತ್ತಿರ ಟೀಚರು. ಬಯಲು ಸೀಮೆ. ಅಲ್ಲಿ ಹೊರಗೆ ಹೋಗುತ್ತೇನೆ ಅಂದರೆ ಬಾಗಿಲು ದಾಟಿದರೆ ಸಾಕಂತೆ, ಹತ್ತುವುದಿಲ್ಲ ಇಳಿಯುವುದಿಲ್ಲ. ಫೋನಿನಲ್ಲಿ ಹೇಳಿದಳು. ಭಾನುವಾರ ಮಾಡುತ್ತಾಳೆ.

ಕೊಟ್ಟಿಗೆಗೆ ಶೀಟು ಹಾಕಿಸು ಅಂತ ಸುಬ್ಬಣ್ಣ ಪ್ರತಿ ವರ್ಷ ಹೇಳುತ್ತಾನೆ. ಹಾಕಿಸಬೇಕು. ಫ್ಲೆಕ್ಸು ಇನ್ನೂ ತಡೆಯುತ್ತಿದೆ. ಎಷ್ಟು ಎಳೆದು ಕಟ್ಟಿದರೂ ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ನೀರು ನಿಂತು ಹೊಟ್ಟೆ ಜೋಲುತ್ತದೆ. ಹಾಗೇ ಬಿಟ್ಟರೆ ಫ್ಲೆಕ್ಸು ಹರಿದು ಹೋಗುತ್ತದೆ. ಅದಕ್ಕೆ ಒಲೆ ಹಚ್ಚಿದ ಮೇಲೆ, ಕಾಫಿಗೆ ಮೊದಲು, ಗಳ ತೆಗೆದುಕೊಂಡು ಹೋಗುತ್ತೇನೆ. ಗಳದ ತುದಿಗೆ ಹಳೆ ಬಟ್ಟೆ ಸುತ್ತಿದ್ದೇನೆ. ಬಣ್ಣ ಹೋಗಿದೆ, ಕನ್ನಡಕ ಮತ್ತು ಆ ಇನ್ಯಾರದೋ ಭುಜ ಮಾತ್ರ ಸರಿಯಾಗಿ ಕಾಣುತ್ತದೆ. ಮುಖಕ್ಕೆ ತಾಗಿಸುವುದಿಲ್ಲ. ಭುಜಕ್ಕೆ ಗಳ ಕೊಟ್ಟು ಮೆಲ್ಲಗೆ ಎತ್ತುತ್ತೇನೆ. ನೀರು ಅಂಚಿಗೆ ಹೋಗಿ, ಇಳಿಜಾರಿಗೆ ಬಿದ್ದು, ಕಾಫಿಗಿಡದ ಬುಡದಲ್ಲಿ ಹೊರಗೆ ಹೋಗುತ್ತದೆ. ಕೆಳಗೆ.